ಪಂಜರದ ಮೊಟ್ಟೆಕೋಳಿಗಳನ್ನು ನೆಲಕ್ಕೆ ಒಗ್ಗಿಸಿದ ನನ್ನ ಅನುಭವ

72ರಿಂದ 80 ವಾರ ತುಂಬಿದ ಮೇಲೆ ಲಾಭವಿಲ್ಲವೆಂದು ಫಾರಂನವರು ತೆಗೆದುಹಾಕುವ ಕೋಳಿಗಳನ್ನು ತಂದು ಸಾಕುತ್ತೇನೆಂದಾಗ, ಕೋಳಿಸಾಕಣೆ ಬಲ್ಲವರೆಲ್ಲ ಅವು ಪಂಜರದ ಹೊರಗೆ ಹೆಚ್ಚು ದಿನ ಬದುಕುವುದಿಲ್ಲ, ಕೋಲೇರಿ ಕೂರಲು ಕಲಿಯುವುದೂ ಇಲ್ಲ ಎಂದರು. ಮೊದಲ ತಂಡಗಳಲ್ಲಿ ಅವರ ಮಾತೇ ಬಹುಮಟ್ಟಿಗೆ ನಿಜವಾಯಿತು. ಈಗಿನ ತಂಡದಲ್ಲಿ ಹತ್ತಕ್ಕೆ ಎಂಟರಷ್ಟು ಕೋಳಿಗಳು ವರ್ಷ ದಾಟಿ, ಮೈತುಂಬ ಹೊಸ ಗರಿ ಹೊತ್ತು ಓಡಾಡುತ್ತಿವೆ.

ಸಾಮಾನ್ಯವಾಗಿ ಎಲ್ಲರೂ ಬಂದ ದಿನವೇ ಅವನ್ನು ಬಯಲಿಗೆ ಬಿಡುತ್ತಾರೆ. ಆದರೆ ಬರವಣಿಗೆಯ ಹಾಳೆಯಷ್ಟು ಜಾಗದಲ್ಲಿ ವರ್ಷ ಕಳೆದ, ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ತೆತ್ತು ಮುನ್ನೂರರಷ್ಟು ಮೊಟ್ಟೆ ಇಟ್ಟ ಕೋಳಿಯ ಮೂಳೆ ಒಂದು ಸಣ್ಣ ಜಿಗಿತವನ್ನೂ ತಾಳಲಾರದು. ನನ್ನ ಮೊದಲ ತಂಡಗಳಲ್ಲೂ ಎದೆಮೂಳೆ ಮುರಿದವು, ಬೋಳು ಬೆನ್ನು ಬಿಸಿಲಿಗೆ ಬೆಂದವು, ಕೊಕ್ಕು ತಾಗಿಸಿದರೆ ಹನಿಯುವ ನಿಪ್ಪಲ್‌ನಿಂದ ಮಾತ್ರ ನೀರು ಕುಡಿದು ಗೊತ್ತಿದ್ದವು ತುಂಬಿದ ಬಟ್ಟಲಿನ ಪಕ್ಕದಲ್ಲೇ ಬಾಯಾರಿ ಸೊರಗಿದವು.

ಆದ್ದರಿಂದ ಒಂದು ಬಾರಿಗೆ ಒಂದನ್ನೇ ಬದಲಿಸುವ ಕ್ರಮಕ್ಕೆ ಬಂದೆ. ಮೊದಲ ವಾರ ಮುಚ್ಚಿದ ಕೊಠಡಿ, ದಪ್ಪನೆಯ ಹೊಟ್ಟಿನ ಹಾಸು, ಫಾರಂನಲ್ಲಿದ್ದ ಅದೇ ಲೇಯರ್ ಮ್ಯಾಶ್ (ಮೊಟ್ಟೆಕೋಳಿಯ ಪುಡಿಮೇವು), ಅದೇ 16 ಗಂಟೆಯ ಬೆಳಕು. ನಿಪ್ಪಲ್ ಪಕ್ಕದಲ್ಲೇ ಬಟ್ಟಲು. ಕೊಕ್ಕು ಕತ್ತರಿಸಿರುವುದರಿಂದ ನೆಲದ ಮೇಲಿನ ಕಾಳು ಹೆಕ್ಕಲು ಅವಕ್ಕೆ ಕಷ್ಟ. ಮ್ಯಾಶ್ ಅನ್ನು ತುಸು ಒದ್ದೆ ಮಾಡಿ ಆಳವಾದ ತೊಟ್ಟಿಯಲ್ಲಿ ಇಡುತ್ತೇನೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ ಕಪ್ಪೆಚಿಪ್ಪಿನ ದಪ್ಪ ಚೂರನ್ನು ಸಂಜೆಯೇ ಬೇರೆ ಬಟ್ಟಲಲ್ಲಿ ಕೊಡುತ್ತೇನೆ. ನುಣ್ಣನೆಯ ಸುಣ್ಣದ ಪುಡಿ ಹೊಟ್ಟೆಯಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಎರಡನೆಯ ವಾರದಿಂದ ಬೆಳಕನ್ನು ಅರ್ಧರ್ಧ ಗಂಟೆಯಂತೆ ಇಳಿಸುತ್ತೇನೆ. ನನ್ನ ಕ್ರಮದ ಜೀವಾಳ ಇದೇ. ಬೆಳಕು ಇಳಿದಂತೆ ಮೊಟ್ಟೆ ನಿಲ್ಲುತ್ತದೆ, ಹಳೆಯ ಗರಿ ಉದುರುತ್ತದೆ, ದೇಹಕ್ಕೆ ಬಿಡುವು ಸಿಗುತ್ತದೆ. ಗರಿಯ ಬಹುಪಾಲು ಪ್ರೋಟೀನೇ ಆದ್ದರಿಂದ ಆ ಹೊತ್ತಿನಲ್ಲಿ ಮೇವಿನ ಪ್ರೋಟೀನನ್ನು 16–17ರಿಂದ ಶೇಕಡಾ 20ರ ಹತ್ತಿರಕ್ಕೆ ಏರಿಸುತ್ತೇನೆ. ಮೊಟ್ಟೆ ನಿಂತ ಕೋಳಿಗೆ ಲೇಯರ್ ಮೇವಿನ ಶೇಕಡಾ 4ರಷ್ಟು ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಹೊರೆಯಾಗುವುದರಿಂದ ಆಗ ಬೆಳೆಯುವ ಕೋಳಿಯ ಮೇವಿಗೆ ಬದಲಾಯಿಸುತ್ತೇನೆ. ಹೇನು ಬಾರದಂತೆ ಕೋಳಿಗಳು ಹೊರಳಾಡುವ ಧೂಳಿನ ಗುಂಡಿಗೆ ಸೇರಿಸುವ ಮಿಶ್ರಣ ಹಲವು ತಂಡಗಳ ಮೇಲೆ ತಿದ್ದಿಕೊಂಡದ್ದು. ಅದರ ಪ್ರಮಾಣ ನನ್ನಲ್ಲಿಯೇ ಇರಲಿ.

ಕೂರಲು ದುಂಡು ಕೋಲಿನ ಬದಲು ಅಗಲದ ಪಟ್ಟಿಯನ್ನು ನೆಲದಿಂದ ಗೇಣೆತ್ತರದಲ್ಲಿ ಕಟ್ಟಿದೆ. ಕತ್ತಲಾದ ಮೇಲೆ ಮೂಲೆಯಲ್ಲಿ ಗುಂಪುಗೂಡಿ ಮಲಗಿದವನ್ನು ಒಂದೊಂದಾಗಿ ಎತ್ತಿ ಅದರ ಮೇಲೆ ಕೂರಿಸುತ್ತಾ ಬಂದೆ. ಸುಮಾರು ಮೂರು ವಾರಕ್ಕೆ ಮುಕ್ಕಾಲು ಪಾಲು ತಾವೇ ಏರತೊಡಗಿದವು. ನಡುವೆ ಬೋಳು ಕೋಳಿಗಳಿಗೆ ಬಟ್ಟೆಯ ಅಂಗಿ ಹೊಲಿಸಿ ತೊಡಿಸಿಯೂ ನೋಡಿದೆ. ಹೊಸ ಗರಿಮೊಳಕೆಗಳಿಗೆ ಬಟ್ಟೆ ಉಜ್ಜಿತು, ಅದರಡಿಯಲ್ಲಿ ಹೇನು ಹೆಚ್ಚಿತು. ಬೆಚ್ಚಗಿನ ಕೊಠಡಿಯೇ ಮೇಲೆಂದು ಕೈಬಿಟ್ಟೆ.

ಹಳೆಯ ಹಿಂಡಿನೊಡನೆ ಸೇರಿಸುವ ಮುನ್ನ ಒಂದು ತಿಂಗಳಾದರೂ ಪ್ರತ್ಯೇಕವಾಗಿಡಬೇಕು. ಲಸಿಕೆ ಪಡೆದ ಫಾರಂ ಕೋಳಿ ತಾನು ಆರೋಗ್ಯವಾಗಿ ಕಂಡರೂ ರೋಗಾಣುವನ್ನು ಹೊತ್ತಿರಬಹುದು. ಆಮೇಲೆ ಜಾಲರಿಯ ಎರಡು ಬದಿಗಳಲ್ಲಿ ಇಟ್ಟು ಪರಿಚಯ ಮಾಡಿಸಿದರೆ ಕಚ್ಚಾಟ ಬಹಳ ಕಡಿಮೆಯಾಗುತ್ತದೆ.

ಹಣದ ಲೆಕ್ಕದಲ್ಲಿ ಕೋಳಿಯ ಬೆಲೆ ಗಣನೆಗೇ ಬರುವುದಿಲ್ಲ. ಖರ್ಚಿನ ಮೂರರಲ್ಲಿ ಎರಡು ಪಾಲು ಮೇವಿಗೆ ಹೋಗುತ್ತದೆ, ಅದರಲ್ಲೂ ಒಂದು ಮೊಟ್ಟೆಯೂ ಸಿಗದ ಗರಿ ಉದುರುವ ಎರಡು ಮೂರು ತಿಂಗಳಲ್ಲಿ. ಉಳಿದದ್ದು ವೈದ್ಯರಿಗೆ. ಅಂಡನಾಳದ ಗೆಡ್ಡೆ, ಹೊಟ್ಟೆಯೊಳಗೆ ಮೊಟ್ಟೆ ಜಾರಿ ಬರುವ ಸೋಂಕು ಇವನ್ನು ಯಾವ ಆರೈಕೆಯೂ ಪೂರ್ತಿ ತಡೆಯಲಾರದು. ನನ್ನ ಕೈಬಿಟ್ಟುಹೋದವುಗಳಲ್ಲಿ ಹೆಚ್ಚಿನವು ಇದರಿಂದಲೇ ಹೋದವು. ಮೊಟ್ಟೆ ನಿಲ್ಲಿಸಲು ಚರ್ಮದಡಿ ಇಡುವ ಹಾರ್ಮೋನ್ ಇಂಪ್ಲಾಂಟ್ ಕೆಲವು ತಿಂಗಳು ಕೆಲಸ ಮಾಡುತ್ತದೆ, ಆದರೆ ಅದು ಒಂದು ಕೋಳಿಯ ಅನೇಕ ತಿಂಗಳ ಮೇವಿನಷ್ಟು ದುಬಾರಿ. ಪದೇ ಪದೇ ಚಿಪ್ಪಿಲ್ಲದ ಮೊಟ್ಟೆ ಇಡುವವಕ್ಕೆ ಮಾತ್ರ ಹಾಕಿಸುತ್ತೇನೆ.

ಗರಿ ಬಂದ ಮೇಲೆ ಮಾಮೂಲಾಗಿ ಒಂದೊಂದು ಕೋಳಿಯಿಂದ ವಾರಕ್ಕೆ ಮೂರು ನಾಲ್ಕು ಮೊಟ್ಟೆ, ಮೊದಲಿಗಿಂತ ಗಟ್ಟಿ ಚಿಪ್ಪಿನವು ಸಿಗುತ್ತಿವೆ. ದೀಪ ಹಾಕಿದರೆ ಇನ್ನೂ ಸಿಕ್ಕಾವು, ನಾನು ಹಾಕುವುದಿಲ್ಲ.