ಗ್ರಾಫಿಕ್ಸ್ ಚಿಪ್ ಕೆಟ್ಟ ಲ್ಯಾಪ್‌ಟಾಪ್: ಹೊಸದನ್ನು ಕೊಳ್ಳುವ ಮುನ್ನ ನೋಡಬೇಕಾದ ಸೆಟ್ಟಿಂಗ್

ಎರಡು ಗ್ರಾಫಿಕ್ಸ್ ಚಿಪ್‌ಗಳಿದ್ದ (ಒಂದು ಪ್ರೊಸೆಸರಿನೊಳಗೆ, ಇನ್ನೊಂದು ಪ್ರತ್ಯೇಕ) ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಲಾಂಛನ ಮೂಡಿದೊಡನೆ ಪರದೆಯ ಮೇಲೆ ಬಣ್ಣದ ಗೆರೆಗಳು ನಿಂತು, ಯಂತ್ರ ಸ್ತಬ್ಧವಾಗುತ್ತಿತ್ತು. ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ಡ್ರೈವರ್‌ಗಳಷ್ಟೇ ನಡೆಯುವ ಸರಳ ಸ್ಥಿತಿ) ಮಾತ್ರ ವಿಂಡೋಸ್ ತೆರೆದುಕೊಳ್ಳುತ್ತಿತ್ತು. ಹೊರಗಿನ ಮಾನಿಟರ್‌ನಲ್ಲೂ ಅದೇ ಗೆರೆಗಳು ಕಂಡದ್ದರಿಂದ ದೋಷ ಪರದೆಯದ್ದಾಗಲಿ ಅದರ ಕೇಬಲಿನದ್ದಾಗಲಿ ಅಲ್ಲವೆಂಬುದು ಖಚಿತವಾಯಿತು.

ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಬದಲಿಸಿದರೂ, ವಿಂಡೋಸ್ ಮರುಸ್ಥಾಪಿಸಿದರೂ, ಚಿಪ್ಪಿನ ಶಾಖ ಹೊರಹೋಗಲು ನೆರವಾಗುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದರೂ ಫಲ ಸಿಗಲಿಲ್ಲ. ರಿಪೇರಿ ಅಂಗಡಿಯಲ್ಲಿ ಚಿಪ್ಪಿಗೆ ಬಿಸಿಗಾಳಿ ಹಾಯಿಸಿದ ಮೇಲೆ ಮೂರು ವಾರ ನಡೆದು ಮತ್ತೆ ನಿಂತಿತು. ಈ ಉಪಾಯಕ್ಕೆ ಹಣ ತೆರುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಮದರ್‌ಬೋರ್ಡ್ ಬದಲಿಸಲು ಕೇಳಿದ ಮೊತ್ತಕ್ಕೆ ಇಂಥದೇ ಬಳಸಿದ ಲ್ಯಾಪ್‌ಟಾಪ್ ಸಿಗುತ್ತಿತ್ತು.

ಕೊನೆಗೆ ಫಲಿಸಿದ ಕ್ರಮ ಹೀಗಿದೆ. ಯಂತ್ರ ಚಾಲೂ ಮಾಡಿದ ತಕ್ಷಣ ಎಫ್1 ಒತ್ತಿ (ಕೆಲವು ಯಂತ್ರಗಳಲ್ಲಿ ಎಫ್2) ಬಯೋಸ್ (ವಿಂಡೋಸ್‌ಗೂ ಮುನ್ನ ನಡೆಯುವ ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ) ಪ್ರವೇಶಿಸಿ, ಕಾನ್ಫಿಗ್‌ನಲ್ಲಿರುವ ಡಿಸ್‌ಪ್ಲೇ ವಿಭಾಗದಲ್ಲಿ ‘ಗ್ರಾಫಿಕ್ಸ್ ಡಿವೈಸ್’ ಎಂಬುದನ್ನು ‘ಇಂಟಿಗ್ರೇಟೆಡ್’ಗೆ, ಅಂದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಬದಲಿಸಿ, ಕೆಟ್ಟಿದ್ದ ಪ್ರತ್ಯೇಕ ಚಿಪ್ಪನ್ನು ಬಳಕೆಯಿಂದ ತೆಗೆದೆ. ಅದರ ಕೆಳಗಿನ ‘ಓಎಸ್ ಡಿಟೆಕ್ಷನ್’ (ಕಾರ್ಯಾಚರಣ ವ್ಯವಸ್ಥೆ ನೋಡಿ ಯಂತ್ರವೇ ಚಿಪ್ ಆರಿಸುವ ಆಯ್ಕೆ) ಅನ್ನು ‘ಡಿಸೇಬಲ್ಡ್’ ಮಾಡಲೇಬೇಕು. ಮೊದಲ ಸಲ ಇದನ್ನು ಬಿಟ್ಟಿದ್ದರಿಂದ ಯಂತ್ರ ತಾನಾಗಿಯೇ ಕೆಟ್ಟ ಚಿಪ್ಪಿಗೆ ಮರಳಿತ್ತು. ಬಳಿಕ ಎಫ್10 ಒತ್ತಿ ಉಳಿಸಿ, ಸೇಫ್ ಮೋಡ್‌ನಲ್ಲಿ ಹಳೆಯ ಗ್ರಾಫಿಕ್ಸ್ ಡ್ರೈವರನ್ನು ತೆಗೆದುಹಾಕಿ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನ ಡ್ರೈವರನ್ನಷ್ಟೇ ಹಾಕಿದೆ.

ಈಗ ಹೊರಗಿನ ಮಾನಿಟರ್ ಜೋಡಿಸುವ ಡಿಸ್‌ಪ್ಲೇಪೋರ್ಟ್ ಕಿಂಡಿ ಕೆಲಸ ಮಾಡುವುದಿಲ್ಲ, ಏಕೆಂದರೆ ಈ ಯಂತ್ರದಲ್ಲಿ ಅದರ ಸಂಪರ್ಕ ಕೆಟ್ಟ ಚಿಪ್ಪಿಗೇ ಇದೆ. ಹಳೆಯ ಬಗೆಯ ವಿಜಿಎ ಕಿಂಡಿಯ ಮೂಲಕ ಮಾನಿಟರ್ ನಡೆಯುತ್ತದೆ. ಬರವಣಿಗೆ, ಲೆಕ್ಕಪತ್ರ, ವಿಡಿಯೊ ವೀಕ್ಷಣೆಗೆ ಯಾವ ಅಡ್ಡಿಯೂ ಇಲ್ಲ. ಬಯೋಸ್‌ನಲ್ಲಿ ಈ ಆಯ್ಕೆಯೇ ಇಲ್ಲದಿದ್ದರೆ, ಅಥವಾ ವಿಡಿಯೊ ಎಡಿಟಿಂಗ್‌ನಂಥ ಕೆಲಸಕ್ಕೆ ಆ ಚಿಪ್ ಬೇಕೇ ಬೇಕಾದರೆ, ರಿಪೇರಿಗೆ ಕೊಡದೆ ಬೇರೆ ಯಂತ್ರ ಕೊಳ್ಳುವುದು ಸರಿ.