ಕೌನ್ಸಿಲ್‌ನಿಂದ ಪಾರ್ಕಿಂಗ್ ದಂಡ ಬಂತಾ? ಹೆದರಿ ಕಟ್ಟಬೇಡಿ, ಸುಮ್ನೆ ಕೂರಲೂಬೇಡಿ

ಅಪ್ಪ ಅಮ್ಮ ಮೊದಲ ಸಲ ದಾವಣಗೆರೆಯಿಂದ ನಮ್ಮ ಲಂಡನ್ ಮನೆಗೆ ಬಂದ ದಿನ. ಹೀತ್ರೂನಿಂದ ಕರೆದುಕೊಂಡು ಬಂದು ಮನೆ ಮುಂದೆ ಕಾರು ನಿಲ್ಲಿಸಿದಾಗ ಮಧ್ಯಾಹ್ನ ಹನ್ನೆರಡು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. 23 ಕೆಜಿಯ ನಾಲ್ಕು ಸೂಟ್‌ಕೇಸು, ಜೊತೆಗೆ ಅಮ್ಮ ಹಸಿರು ನೈಲಾನ್ ಹಗ್ಗ ಬಿಗಿದು ತಂದಿದ್ದ ಒಂದು ರಟ್ಟಿನ ಡಬ್ಬ, ಅದರ ತುಂಬ ಮಂಡಕ್ಕಿ, ಚಟ್ನಿಪುಡಿ, ಒಣಮೆಣಸಿನಕಾಯಿ. ರಸ್ತೆ ಅಂಚಲ್ಲಿ ಒಂಟಿ ಹಳದಿ ಗೆರೆ. ಅಪ್ಪ ಅಮ್ಮನನ್ನು ಮೇಲೆ ಕೂರಿಸಿ, ಎರಡನೇ ಸೂಟ್‌ಕೇಸ್ ಇಟ್ಟು ಕೆಳಗಿಳಿದು ಬರುವಷ್ಟರಲ್ಲಿ ಗಾಜಿನ ಮೇಲೆ ಪ್ಲಾಸ್ಟಿಕ್ ಲಕೋಟೆ ಅಂಟಿಸಿದ್ದರು.

ಅಪ್ಪ ಹೇಳಿದ್ದು ಒಂದೇ ಮಾತು: "ಕಟ್ಟಿಬಿಡು. ಪರದೇಶದಲ್ಲಿ ನಮಗ್ಯಾಕೆ ಇಲ್ಲದ ಉಸಾಬರಿ?"

ಈ ಮಾತು ನಮ್ಮವರ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ತಪ್ಪೇ ಮಾಡದಿದ್ದರೂ ಹೆದರಿ ಕಟ್ಟಿಬಿಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಹಾಕುವ ಪಾರ್ಕಿಂಗ್ ದಂಡ ಇಲ್ಲಿ ಸಿವಿಲ್ ವಿಷಯ, ಅಪರಾಧ ಅಲ್ಲ. ಲೈಸೆನ್ಸ್ ಮೇಲೆ ಪಾಯಿಂಟ್ ಬೀಳುವುದಿಲ್ಲ. ಅದನ್ನು ಪ್ರಶ್ನಿಸುವುದು ನಿಮ್ಮ ಹಕ್ಕು, ಅದಕ್ಕೆ ಕಾಸು ಖರ್ಚಿಲ್ಲ, ವಕೀಲರೂ ಬೇಡ. ಬೇಕಾಗಿರುವುದು ಎರಡೇ: ತಾರೀಖಿನ ಮೇಲೆ ಕಣ್ಣು, ಕೈಯಲ್ಲಿ ಸಾಕ್ಷಿ.

ಮೊದಲು ಕಾಗದ ಯಾರದ್ದು ಅಂತ ನೋಡಿ

ಇಲ್ಲೇ ಜಾಸ್ತಿ ಜನ ಎಡವುವುದು. ಪೆನಾಲ್ಟಿ ಚಾರ್ಜ್ ನೋಟಿಸ್ ಅಂತಿದ್ದು ಕೌನ್ಸಿಲ್ ಹೆಸರೋ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಹೆಸರೋ ಇದ್ದರೆ ಈ ಬರಹ ನಿಮಗೆ. ಪಾರ್ಕಿಂಗ್ ಚಾರ್ಜ್ ನೋಟಿಸ್ ಅಂತಿದ್ದರೆ ಅದು ಖಾಸಗಿ ಕಂಪನಿಯದ್ದು. ಸೂಪರ್‌ಮಾರ್ಕೆಟ್, ರೀಟೇಲ್ ಪಾರ್ಕ್ ಕಡೆ ಬೀಳುವಂಥದ್ದು. ಎರಡನ್ನೂ ಚಿಕ್ಕದಾಗಿ ಪಿಸಿಎನ್ ಅಂತಲೇ ಕರೆಯುವುದರಿಂದ ಗೊಂದಲ. ಖಾಸಗಿಯದ್ದಕ್ಕೆ ದಾರಿಯೇ ಬೇರೆ: ಮೊದಲು ಕಂಪನಿಗೆ ಬರೆಯಬೇಕು, ಆಮೇಲೆ ಆ ಕಂಪನಿ ಯಾವ ಸಂಘದ ಸದಸ್ಯ ಅನ್ನುವುದರ ಮೇಲೆ ಪಾಪ್ಲಾ ಅಥವಾ ಐಎಎಸ್ ಅನ್ನುವ ಮೇಲ್ಮನವಿ ಸಂಸ್ಥೆಗೆ ಹೋಗಬೇಕು. ಇನ್ನು ಫಿಕ್ಸೆಡ್ ಪೆನಾಲ್ಟಿ ನೋಟಿಸ್ ಅಂತ ಪೊಲೀಸರಿಂದ ಬಂದಿದ್ದರೆ ಅದು ಇದಕ್ಕಿಂತ ಗಂಭೀರ, ಇದರ ಜೊತೆ ಬೆರೆಸಬೇಡಿ. ನಾನು ಹೇಳುತ್ತಿರುವುದು ಇಂಗ್ಲೆಂಡಿನ ಕೌನ್ಸಿಲ್‌ಗಳ ಬಗ್ಗೆ. ವೇಲ್ಸ್‌ನಲ್ಲಿ ಬಹುಪಾಲು ಹೀಗೇ, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ನಿಯಮ ಬೇರೆ.

ಮೊಬೈಲಿಗೆ "ನಿಮ್ಮ ಪಾರ್ಕಿಂಗ್ ದಂಡ ಬಾಕಿ ಇದೆ, ಇಲ್ಲಿ ಒತ್ತಿ" ಅಂತ ಮೆಸೇಜ್ ಬಂದರೆ ಒತ್ತಲೇಬೇಡಿ. ಇಂಥ ಮೋಸ ಈಗ ವಿಪರೀತ. ಅನುಮಾನ ಇದ್ದರೆ ಕೌನ್ಸಿಲ್‌ನ ವೆಬ್‌ಸೈಟನ್ನು ನೀವೇ ಹುಡುಕಿ ತೆರೆದು ನೋಟಿಸ್ ನಂಬರ್ ಮತ್ತು ಗಾಡಿ ನಂಬರ್ ಹಾಕಿ ನೋಡಿ.

ದುಡ್ಡಿನ ಲೆಕ್ಕ

ಲಂಡನ್‌ನಲ್ಲಿ 2025ರ ಏಪ್ರಿಲ್‌ನಿಂದ ದಂಡ ಏರಿದೆ. ಜಾಗ ಮತ್ತು ತಪ್ಪು ನೋಡಿಕೊಂಡು 90ರಿಂದ 160 ಪೌಂಡ್. ಲಂಡನ್ ಹೊರಗೆ ಸಾಮಾನ್ಯವಾಗಿ 50 ಅಥವಾ 70. ಗಾಜಿಗೆ ಅಂಟಿಸಿದ ನೋಟಿಸಾದರೆ 14 ದಿನದೊಳಗೆ ಕಟ್ಟಿದವರಿಗೆ ಅರ್ಧ. ಕ್ಯಾಮೆರಾ ಹಿಡಿದು ಅಂಚೆಯಲ್ಲಿ ಬಂದ ಪಾರ್ಕಿಂಗ್ ನೋಟಿಸಾದರೆ 21 ದಿನ. ನಿಮ್ಮದರಲ್ಲಿ ಎಷ್ಟು ದಿನ ಕೊಟ್ಟಿದ್ದಾರೆ ಅಂತ ಓದಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕಟ್ಟಿದಿರಿ ಅಂದರೆ ಕೇಸು ಮುಗಿಯಿತು. "ಈಗ ಅರ್ಧ ಕಟ್ಟಿರ್ತೀನಿ, ಆಮೇಲೆ ಜಗಳ ಆಡ್ತೀನಿ" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಕಾರು ತೆಗೆಯುವ ಮುಂಚೆ ಫೋಟೊ

ನೋಟಿಸ್ ಕಂಡ ತಕ್ಷಣ ಸಿಟ್ಟು ಬರುತ್ತದೆ, ಕೈ ನಡುಗುತ್ತದೆ, ಗೊತ್ತು. ಆದರೂ ಕಾರು ತೆಗೆಯಬೇಡಿ. ಫೋನ್ ತೆಗೆಯಿರಿ. ಕಾರು ನಿಂತ ಜಾಗ, ನೆಲದ ಗೆರೆ, ಹತ್ತಿರದ ಬೋರ್ಡು, ಬೋರ್ಡಿನಿಂದ ಕಾರಿಗೆ ಎಷ್ಟು ದೂರ ಅನ್ನುವುದು, ಮರದ ಕೊಂಬೆ ಬೋರ್ಡನ್ನು ಮುಚ್ಚಿದ್ದರೆ ಅದು, ಬಣ್ಣ ಅಳಿಸಿ ಹೋಗಿದ್ದರೆ ಅದು, ಮಷಿನ್ ಕೆಟ್ಟಿದ್ದರೆ ಅದರ ಪರದೆ, ಎಲ್ಲ ತೆಗೆದಿಡಿ. ಎರಡು ವಾರ ಬಿಟ್ಟು ಹೋದರೆ ಕೊಂಬೆ ಕಡಿದಿರುತ್ತಾರೆ, ಗೆರೆಗೆ ಹೊಸ ಬಣ್ಣ ಬಳಿದಿರುತ್ತಾರೆ.

ಆಮೇಲೆ ಮನೆಗೆ ಬಂದು ಕೌನ್ಸಿಲ್ ವೆಬ್‌ಸೈಟಿನಲ್ಲಿ ಅವರ ಫೋಟೊ ನೋಡಿ. ವಾರ್ಡನ್ ತೆಗೆದ ಫೋಟೊ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ನಾನು ಕಲಿತ ದೊಡ್ಡ ಪಾಠ ಇದು: ನಿಮ್ಮ ಒಳ್ಳೆಯ ಸಾಕ್ಷಿ ಎಷ್ಟೋ ಸಲ ಅವರ ಫೋಟೊದಲ್ಲೇ ಇರುತ್ತದೆ. ನಮ್ಮ ನೋಟಿಸಿನಲ್ಲಿ ಕೋಡ್ 01 ಅಂತಿತ್ತು, ಅಂದರೆ ನಿರ್ಬಂಧಿತ ಸಮಯದಲ್ಲಿ ಹಳದಿ ಗೆರೆ ಮೇಲೆ ನಿಲ್ಲಿಸಿದ್ದು. ವಾರ್ಡನ್ ಕಾರನ್ನು ಗಮನಿಸಿದ ಹೊತ್ತು ಐದೇ ನಿಮಿಷ. ಮೂರನೇ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕಾರಿನ ಹಿಂದಿನ ಗಾಜಿನೊಳಗೆ ಅಮ್ಮನ ರಟ್ಟಿನ ಡಬ್ಬ, ಅದರ ಪಕ್ಕದಲ್ಲಿ ವಿಮಾನದ ಟ್ಯಾಗ್ ನೇತಾಡುತ್ತಿದ್ದ ಸೂಟ್‌ಕೇಸ್. ಆ ಹಸಿರು ಹಗ್ಗದ ಗಂಟು ಕೂಡ ಕಾಣುತ್ತಿತ್ತು. ಇನ್ನೊಂದು ಫೋಟೊದಲ್ಲಿ ಫುಟ್‌ಪಾತಿನ ಅಂಚು ಪೂರ್ತಿ ಬಿದ್ದಿತ್ತು, ಅದರ ಮೇಲೆ ಹಳದಿ ಅಡ್ಡಗೀಟು ಒಂದೂ ಇರಲಿಲ್ಲ.

ಆ ಅಡ್ಡಗೀಟಿನ ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ರಸ್ತೆ ಮೇಲಿನ ಹಳದಿ ಗೆರೆ ಹೇಳುವುದು ಗಾಡಿ ನಿಲ್ಲಿಸಿಡಬೇಡಿ ಅಂತ. ಸಾಮಾನು ಇಳಿಸಬೇಡಿ ಅಂತ ಹೇಳುವುದು ಫುಟ್‌ಪಾತಿನ ಅಂಚಿನ ಮೇಲಿನ ಅಡ್ಡಗೀಟು ಮತ್ತು ಅದರ ಬೋರ್ಡು. ಅದಿಲ್ಲದ ಕಡೆ, ಭಾರದ ಸಾಮಾನು ಹತ್ತಿಸಲು ಇಳಿಸಲು, ಜನರನ್ನು ಇಳಿಸಲು ಸಾಮಾನ್ಯವಾಗಿ ನಿಲ್ಲಿಸಬಹುದು. ಸಾಮಾನನ್ನು ಮನೆಯೊಳಗೆ ಇಟ್ಟು ಬರುವ ಹೊತ್ತೂ ಅದರಲ್ಲೇ ಸೇರುತ್ತದೆ. ಆದರೆ ಕೆಲಸ ಬಿಡುವಿಲ್ಲದೆ ನಡೆಯುತ್ತಿರಬೇಕು. ಮೇಲೆ ಹೋಗಿ ಕಾಫಿ ಕುಡಿದು ಬಂದರೆ ಅದು ಇಳಿಸುವುದು ಅನ್ನಿಸಿಕೊಳ್ಳುವುದಿಲ್ಲ.

ಯಾವ ಕಾರಣ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ

ನಿಜವಾಗಿ ತಪ್ಪೇ ಆಗಿಲ್ಲ ಅನ್ನುವುದು ಎಲ್ಲಕ್ಕಿಂತ ಗಟ್ಟಿ. ಬೋರ್ಡು ಕಾಣುತ್ತಿರಲಿಲ್ಲ, ಅಥವಾ ಬೋರ್ಡೂ ಗೆರೆಯೂ ಒಂದಕ್ಕೊಂದು ಹೊಂದುತ್ತಿರಲಿಲ್ಲ ಅನ್ನುವುದೂ ಒಳ್ಳೆಯ ಕಾರಣ. ಕಾರನ್ನು ಅಷ್ಟರಲ್ಲಿ ಮಾರಿದ್ದಿರಿ, ಕದ್ದುಕೊಂಡು ಹೋಗಿದ್ದರು, ಆಗಲೇ ಕಟ್ಟಿದ್ದೀರಿ, ಕೌನ್ಸಿಲ್ ತನ್ನ ನಿಯಮವನ್ನೇ ಸರಿಯಾಗಿ ಪಾಲಿಸಿಲ್ಲ, ಇವಕ್ಕೆಲ್ಲ ಫಾರ್ಮಿನಲ್ಲೇ ಜಾಗ ಇದೆ. ಆ್ಯಪ್‌ನಲ್ಲಿ ದುಡ್ಡು ಕಟ್ಟಿದ್ದೀರಿ, ಆದರೆ ಗಾಡಿ ನಂಬರಿನಲ್ಲಿ ಸೊನ್ನೆ ಬದಲು ಓ ಅಕ್ಷರ ಒತ್ತಿದ್ದೀರಿ ಅಂದುಕೊಳ್ಳಿ. ರಸೀದಿ ಸಮೇತ ಬರೆಯಿರಿ. ಆ ಹೊತ್ತಿಗೆ ದುಡ್ಡು ಹೋಗಿದೆ ಅಂತ ಗೊತ್ತಾದರೆ ಬಿಟ್ಟುಬಿಡುವ ಸಾಧ್ಯತೆ ಚೆನ್ನಾಗಿದೆ.

ಇಂಗ್ಲೆಂಡಿನಲ್ಲಿ 2015ರಿಂದ 10 ನಿಮಿಷದ ರಿಯಾಯಿತಿ ಇದೆ. ಕೌನ್ಸಿಲ್‌ನ ಪಾರ್ಕಿಂಗ್ ಬೇಯಲ್ಲಿ ನೀವು ದುಡ್ಡು ಕಟ್ಟಿದ ಅವಧಿಯೋ, ಉಚಿತವಾಗಿ ಕೊಟ್ಟ ಅವಧಿಯೋ ಮುಗಿದ ಮೇಲೆ 10 ನಿಮಿಷದೊಳಗೆ ದಂಡ ಹಾಕುವಂತಿಲ್ಲ. ನೋಟಿಸಿನ ಮೇಲಿನ ಗಂಟೆಯನ್ನೂ ನಿಮ್ಮ ರಸೀದಿಯ ಗಂಟೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹಳದಿ ಗೆರೆಗೆ, ಬಸ್ ಸ್ಟಾಪಿಗೆ ಇದು ಅನ್ವಯಿಸುವುದಿಲ್ಲ.

ಕಾರು ಕೆಟ್ಟು ನಿಂತಿತ್ತು, ಮಗುವಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಓಡಿದಿರಿ, ಇಂಥದ್ದನ್ನೂ ಧೈರ್ಯವಾಗಿ ಬರೆಯಿರಿ. ತಪ್ಪಾಗಿದ್ದರೂ ಪರಿಸ್ಥಿತಿ ನೋಡಿ ಬಿಡುವ ಅಧಿಕಾರ ಕೌನ್ಸಿಲ್‌ಗೆ ಇದೆ. ರಿಪೇರಿ ಬಿಲ್, ಆಸ್ಪತ್ರೆ ಚೀಟಿ ಲಗತ್ತಿಸಿ.

ಕೆಲಸಕ್ಕೆ ಬಾರದವು: "ಐದೇ ನಿಮಿಷ ಹೋಗಿದ್ದೆ", "ಬೇರೆಯವರೂ ನಿಲ್ಲಿಸಿದ್ದರು", "ಹಜಾರ್ಡ್ ಲೈಟ್ ಹಾಕಿದ್ದೆ", "ನನಗೆ ನಿಯಮ ಗೊತ್ತಿರಲಿಲ್ಲ". ಇದಷ್ಟೇ ನಿಮ್ಮ ಕಾರಣವಾದರೆ ಅರ್ಧ ದುಡ್ಡು ಕಟ್ಟಿ ಮುಗಿಸುವುದೇ ವಾಸಿ. ದಯವಿಟ್ಟು ಸುಳ್ಳು ಬರೆಯಬೇಡಿ. ಒಂದು ಸುಳ್ಳು ಸಿಕ್ಕಿದರೆ ನಿಮ್ಮ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಬರೆಯುವುದು ಹೇಗೆ

ಗಾಜಿಗೆ ಅಂಟಿಸಿದ ನೋಟಿಸಾದರೆ ಮೊದಲ ಹಂತ ಅನೌಪಚಾರಿಕ ಆಕ್ಷೇಪ. ವೆಬ್‌ಸೈಟಿನಲ್ಲೇ ಹಾಕಬಹುದು. 14 ದಿನದೊಳಗೆ ಹಾಕಿ. ಆಗ ಅವರು ಒಪ್ಪದಿದ್ದರೂ ಅರ್ಧ ದರದಲ್ಲಿ ಕಟ್ಟಲು ಸಾಮಾನ್ಯವಾಗಿ ಮತ್ತೆ 14 ದಿನ ಕೊಡುತ್ತಾರೆ, ಉತ್ತರದಲ್ಲೇ ಅದನ್ನು ಬರೆದಿರುತ್ತಾರೆ. ಹಾಗಾಗಿ ಬೇಗ ಬರೆದವರಿಗೆ ಈ ಹಂತದಲ್ಲಿ ಕಳೆದುಕೊಳ್ಳುವಂಥದ್ದು ಹೆಚ್ಚೇನಿಲ್ಲ.

ಇಂಗ್ಲಿಷ್ ಚೆನ್ನಾಗಿ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಒಂದು ಪುಟ ಸಾಕು. ನೋಟಿಸ್ ನಂಬರ್, ಗಾಡಿ ನಂಬರ್, ತಾರೀಖು. ಆಮೇಲೆ ಏನಾಯಿತು ಅಂತ ಗಂಟೆ ನಿಮಿಷದ ಪ್ರಕಾರ ನಾಲ್ಕೈದು ಸಾಲು. ಯಾವ ಕಾರಣಕ್ಕೆ ಈ ದಂಡ ಸರಿಯಲ್ಲ ಅಂತ ಒಂದು ಸಾಲು. ಜೊತೆಗಿಟ್ಟ ಫೋಟೊಗಳಿಗೆ 1, 2, 3 ಅಂತ ನಂಬರ್ ಹಾಕಿ, ಎಲ್ಲಿ ಏನು ಕಾಣುತ್ತದೆ ಅಂತ ತೋರಿಸಿ. ಕೊನೆಗೆ ದಂಡ ರದ್ದು ಮಾಡಿ ಅಂತ ನೇರವಾಗಿ ಕೇಳಿ. ವಾರ್ಡನ್‌ನನ್ನು ಬೈಯುವುದು ಬೇಡ. ನಾನು ಅಪ್ಪ ಅಮ್ಮನ ಬೋರ್ಡಿಂಗ್ ಪಾಸು, ಸೂಟ್‌ಕೇಸಿನ ಟ್ಯಾಗು, ಕೆಳಗಿನ ಮನೆಯವರು ಬರೆದುಕೊಟ್ಟ ಎರಡು ಸಾಲಿನ ಹೇಳಿಕೆ, ಅವರದ್ದೇ ಮೂರನೇ ಫೋಟೊ ಎಲ್ಲ ಕಳಿಸಿದೆ.

ಹತ್ತು ದಿನಕ್ಕೆ ಉತ್ತರ ಬಂತು. ತಿರಸ್ಕಾರ. ಓದಿದರೆ ನನ್ನ ಸಾಕ್ಷಿಯ ಬಗ್ಗೆ ಒಂದು ಮಾತೂ ಇಲ್ಲ, ಎಲ್ಲರಿಗೂ ಕಳಿಸುವ ಸಿದ್ಧ ಪತ್ರದ ಹಾಗಿತ್ತು. ಇಲ್ಲಿಗೇ ಜನ ಕೈಬಿಡುತ್ತಾರೆ. ನೀವು ಬಿಡಬೇಡಿ, ಇದು ಮೊದಲ ಮೆಟ್ಟಿಲು ಅಷ್ಟೇ. ಆದರೆ ಇಲ್ಲಿ ಒಂದು ಸಲ ಕೂತು ಯೋಚಿಸಿ. ಮುಂದೆ ಹೋಗಿ ಸೋತರೆ ಕಟ್ಟಬೇಕಾದದ್ದು ಅರ್ಧ ಅಲ್ಲ, ಪೂರ್ತಿ. ಸಾಕ್ಷಿ ಗಟ್ಟಿ ಇದ್ದರೆ ಮುಂದೆ ಹೋಗಿ.

28 ದಿನ ಕಳೆದ ಮೇಲೆ ಕಾರಿನ ನೋಂದಾಯಿತ ಮಾಲೀಕರ ಹೆಸರಿಗೆ ನೋಟಿಸ್ ಟು ಓನರ್ ಬರುತ್ತದೆ. ಇದಕ್ಕೆ 28 ದಿನದೊಳಗೆ ಮತ್ತೆ ಉತ್ತರ ಕೊಡಬೇಕು. "ಆಗಲೇ ಬರೆದಿದ್ದೆನಲ್ಲ" ಅಂತ ಸುಮ್ಮನಿದ್ದರೆ ಮೊದಲು ಬರೆದದ್ದು ನೀರಿನಲ್ಲಿ ಹೋಮ. ಕಾರು ಹೆಂಡತಿ ಹೆಸರಿನಲ್ಲಿದ್ದರೆ ಅವರ ಹೆಸರಿನಿಂದಲೇ ಉತ್ತರ ಹೋಗಲಿ. ಕ್ಯಾಮೆರಾ ಹಿಡಿದು ಅಂಚೆಯಲ್ಲಿ ಬಂದ ನೋಟಿಸಾದರೆ ಅನೌಪಚಾರಿಕ ಹಂತ ಇರುವುದಿಲ್ಲ, ನೇರ ಇದೇ ಹಂತ. ಪಾರ್ಕಿಂಗ್ ಪ್ರಕರಣದಲ್ಲಿ ಕೌನ್ಸಿಲ್ ನಿಮ್ಮ ಔಪಚಾರಿಕ ಆಕ್ಷೇಪಕ್ಕೆ 56 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ದಂಡ ರದ್ದು. ಅದಕ್ಕೇ ಕಳಿಸಿದ ದಿನದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕೊನೆಯ ಮೆಟ್ಟಿಲು

ಅದನ್ನೂ ತಿರಸ್ಕರಿಸಿದರೆ 28 ದಿನದೊಳಗೆ ಟ್ರಿಬ್ಯುನಲ್‌ಗೆ ಹೋಗಬಹುದು. ಲಂಡನ್ ಆದರೆ ಲಂಡನ್ ಟ್ರಿಬ್ಯುನಲ್ಸ್, ಇಂಗ್ಲೆಂಡಿನ ಉಳಿದ ಕಡೆ ಮತ್ತು ವೇಲ್ಸ್‌ಗೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯುನಲ್. ಅರ್ಜಿಗೆ ಶುಲ್ಕ ಇಲ್ಲ. ತೀರ್ಪು ಕೊಡುವವರು ಕೌನ್ಸಿಲ್ ನೌಕರರಲ್ಲ, ಸ್ವತಂತ್ರ ನಿರ್ಣಾಯಕರು. ಕೋರ್ಟಿನ ಕಟಕಟೆ ನೆನಪಿಸಿಕೊಂಡು ಹೆದರಬೇಡಿ. ಕಾಗದಪತ್ರ ನೋಡಿಯೇ ತೀರ್ಮಾನಿಸಿ ಅಂತ ಕೇಳಬಹುದು, ಫೋನಿನಲ್ಲೋ ವಿಡಿಯೊದಲ್ಲೋ ಮಾತಾಡಲೂಬಹುದು. ನಿಮ್ಮ ಪರವಾಗಿ ಸ್ನೇಹಿತರೊಬ್ಬರು ಮಾತಾಡಬಹುದು. ಸೋತರೂ ಸಾಮಾನ್ಯವಾಗಿ ದಂಡದ ಮೇಲೆ ಖರ್ಚು ಹೇರುವುದಿಲ್ಲ, ಸುಮ್ನೆ ಕಾಡಿಸಲೆಂದೇ ಬಂದವರ ಮಾತು ಬೇರೆ.

ನನ್ನ ಕೇಸು ವಿಚಾರಣೆವರೆಗೂ ಹೋಗಲಿಲ್ಲ. ಅರ್ಜಿ ಹಾಕಿ ಮೂರು ವಾರಕ್ಕೆ, ತಾವು ಇದನ್ನು ಮುಂದುವರಿಸುವುದಿಲ್ಲ ಅಂತ ಕೌನ್ಸಿಲ್ಲೇ ಹೇಳಿತು. ಅದೇ ಫೋಟೊ, ಅದೇ ಟ್ಯಾಗು. ಮೊದಲ ದಿನ ಕಳಿಸಿದ್ದಕ್ಕಿಂತ ಹೊಸದೇನೂ ಸೇರಿಸಿರಲಿಲ್ಲ.

ಪತ್ರವೇ ಬರದಿದ್ದರೆ?

ನಮ್ಮವರಿಗೆ ಇದೇ ದೊಡ್ಡ ಅಪಾಯ. ವರ್ಷಕ್ಕೊಂದು ಬಾಡಿಗೆ ಮನೆ ಬದಲಾಯಿಸುತ್ತೇವೆ, ಕಾರಿನ ಲಾಗ್‌ಬುಕ್‌ನಲ್ಲಿ (ನೋಂದಣಿ ಪತ್ರದಲ್ಲಿ) ಹಳೇ ವಿಳಾಸವೇ ಉಳಿದಿರುತ್ತದೆ. ಪತ್ರಗಳೆಲ್ಲ ಅಲ್ಲಿಗೇ ಹೋಗುತ್ತವೆ. ಯಾರೂ ಉತ್ತರಿಸದಿದ್ದರೆ ಚಾರ್ಜ್ ಸರ್ಟಿಫಿಕೇಟ್ ಬಂದು ದಂಡ ಅರ್ಧದಷ್ಟು ಏರುತ್ತದೆ, 160 ಇದ್ದದ್ದು 240. ಆಮೇಲೆ ನಾರ್ತಾಂಪ್ಟನ್‌ನ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರ್‌ನಲ್ಲಿ ಸಾಲವಾಗಿ ದಾಖಲು, ಆಮೇಲೆ ಬಾಗಿಲಿಗೆ ಬೇಲಿಫ್, ಅಂದರೆ ಸಾಲ ವಸೂಲಿ ಮಾಡುವವರು. ಇಷ್ಟಾದ ಮೇಲೆ ಗೊತ್ತಾದರೂ ದಾರಿ ಇದೆ: ಪಾರ್ಕಿಂಗ್ ದಂಡವಾದರೆ ಟಿಇ9 ಅನ್ನುವ ಫಾರ್ಮಿನಲ್ಲಿ ನೋಟಿಸ್ ನನಗೆ ಬಂದೇ ಇಲ್ಲ ಅಂತ ಹೇಳಿಕೆ ಕೊಡಬಹುದು, ಗಡುವು ಮೀರಿದ್ದರೆ ಜೊತೆಗೆ ಟಿಇ7. ಅದರಲ್ಲಿ ಬರೆದದ್ದು ಅಕ್ಷರಶಃ ನಿಜ ಇರಬೇಕು, ಸುಳ್ಳಾದರೆ ದಂಡಕ್ಕಿಂತ ದೊಡ್ಡ ತೊಂದರೆ.

ಇದೆಲ್ಲ ಬರುವ ಮುಂಚೆಯೇ ಇವತ್ತು ರಾತ್ರಿ ಊಟ ಆದ ಮೇಲೆ ಲಾಗ್‌ಬುಕ್ ತೆಗೆದು ವಿಳಾಸ ನೋಡಿ. ಹಳೇದಿದ್ದರೆ ಗಾಡಿ ನೋಂದಣಿ, ಲೈಸೆನ್ಸ್ ನೋಡಿಕೊಳ್ಳುವ ಡಿವಿಎಲ್ಎಯ ವೆಬ್‌ಸೈಟಿನಲ್ಲಿ ಬದಲಾಯಿಸಿ, ದುಡ್ಡು ತೆಗೆದುಕೊಳ್ಳುವುದಿಲ್ಲ. ಲೈಸೆನ್ಸ್‌ನ ವಿಳಾಸ ಬೇರೆ, ಲಾಗ್‌ಬುಕ್‌ನ ವಿಳಾಸ ಬೇರೆ. ಒಂದನ್ನು ಬದಲಾಯಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.