ನೆಲದ ಜೀರುಂಡೆಯನ್ನು ಚಿತ್ರದಲ್ಲಿ ಗುರುತಿಸುವುದು ಹೇಗೆ?

ಮುಂಗಾರಿನ ಮೊದಲ ಮಳೆಗಳ ನಂತರ ಬೆಂಗಳೂರಿನ ತುರಹಳ್ಳಿಯ ಕುರುಚಲು ಕಾಡಿನಲ್ಲಿ ತರಗೆಲೆ ಸರಿಸಿದರೆ ಕಪ್ಪು ಹುಳುಗಳು ಸರಸರನೆ ಓಡುತ್ತವೆ. ಅವುಗಳಲ್ಲಿ ಕ್ಯಾರಾಬಿಡೇ ಕುಟುಂಬದ ನೆಲದ ಜೀರುಂಡೆ ಯಾವುದೆಂದು ಬಣ್ಣ ನೋಡಿ ಹೇಳಹೊರಟರೆ ಎಡವುತ್ತೇವೆ. ಕಪ್ಪು ಮೈಯ ಬಿಳಿ ಚುಕ್ಕೆಗಳನ್ನು ಕಂಡು ಆರು ಚುಕ್ಕೆಯ ಜೀರುಂಡೆಯೆಂದು ನಾನು ಸಂಭ್ರಮದಿಂದ ತೆಗೆದ ಚಿತ್ರ, ಹಿಗ್ಗಿಸಿ ನೋಡಿದಾಗ ಏಳು ಚುಕ್ಕೆಯ ಕಾಡುಜಿರಳೆಯದಾಗಿತ್ತು!

ಆದ್ದರಿಂದ ಮೊದಲು ಬೆನ್ನನ್ನು ನೋಡಬೇಕು. ಜೀರುಂಡೆಯ ಗಟ್ಟಿ ಮುಂರೆಕ್ಕೆಗಳು ನಡುಬೆನ್ನಿನಲ್ಲಿ ನೇರ ಗೆರೆಯಾಗಿ ಕೂಡುತ್ತವೆ. ಜಿರಳೆಯ ರೆಕ್ಕೆಗಳು ಒಂದರ ಮೇಲೊಂದು ಕೂರುತ್ತವೆ.

ಚಿತ್ರವನ್ನು ನೇರವಾಗಿ ಮೇಲಿನಿಂದ ಒಮ್ಮೆ, ತಲೆಯ ಪಕ್ಕದಿಂದ ಒಮ್ಮೆ ತೆಗೆಯಿರಿ. ಹುಳುವನ್ನು ಸ್ವಲ್ಪ ಹೊತ್ತು ಗಾಜಿನ ಬಟ್ಟಲಿಗೆ ಬಿಟ್ಟರೆ ಹೊಟ್ಟೆಯ ಭಾಗವೂ ಸಿಗುತ್ತದೆ. ಅಳತೆಗೆ ಪಕ್ಕದಲ್ಲಿ 27 ಮಿಲಿಮೀಟರ್ ಅಗಲದ ಹತ್ತು ರೂಪಾಯಿ ನಾಣ್ಯವಿಡಿ. ಆರು ಚುಕ್ಕೆಯದು ಫಾರ್ಮಿಕ್ ಆಮ್ಲ ಚಿಮ್ಮಿಸುವುದರಿಂದ ಅದನ್ನು ಬರಿಗೈಯಲ್ಲಿ ಹಿಡಿಯಬಾರದು, ಅದರತ್ತ ಮುಖ ಬಗ್ಗಿಸಲೂಬಾರದು.

ಹೆಚ್ಚು ಗೊಂದಲ ಹುಟ್ಟಿಸುವುದು ಟೆನೆಬ್ರಿಯೋನಿಡೇ ಕುಟುಂಬದ ಕಪ್ಪು ಜೀರುಂಡೆಗಳು. ಅವುಗಳ ಮೀಸೆಯ ಬುಡ ತಲೆಯ ಪಕ್ಕದ ಅಂಚಿನಡಿ ಮರೆಯಾಗಿರುತ್ತದೆ. ನೆಲದ ಜೀರುಂಡೆಯ ದಾರದಂಥ ಮೀಸೆ ಕಣ್ಣಿಗೂ ದವಡೆಯ ಬುಡಕ್ಕೂ ನಡುವೆ ಹೊರಡುತ್ತದೆ. ಅಲ್ಲಿಯೂ ಅನುಮಾನ ಉಳಿದರೆ ಹಿಂಗಾಲಿನ ಪಾದದ ಗೆಣ್ಣುಗಳನ್ನು ಎಣಿಸಿ: ಟೆನೆಬ್ರಿಯೋನಿಡೇಗಳಿಗೆ ನಾಲ್ಕು, ನೆಲದ ಜೀರುಂಡೆಗೆ ಐದು. ಹೊಟ್ಟೆಯ ಚಿತ್ರವಿದ್ದರಂತೂ ಎಣಿಕೆಯ ತಾಪತ್ರಯವೇ ಬೇಡ. ಹಿಂಗಾಲಿನ ಬುಡದಲ್ಲಿ ಅವರೆಕಾಳಿನಾಕಾರದ ದೊಡ್ಡ ಉಬ್ಬು ಕಂಡರೆ ಅದು ನೆಲದ ಜೀರುಂಡೆಯದೇ ಗುರುತು.

ಕಣ್ಣುಗಳು ಉಬ್ಬಿ, ತಲೆಯು ಅದರ ಹಿಂದಿನ ಗಟ್ಟಿ ಎದೆಫಲಕಕ್ಕಿಂತ ಅಗಲವಾಗಿದ್ದು, ಕುಡುಗೋಲಿನಂಥ ಉದ್ದ ದವಡೆಗಳಿದ್ದರೆ ಅದು ಬಹುಮಟ್ಟಿಗೆ ಹುಲಿ ಜೀರುಂಡೆ. ಇದನ್ನು ಕೆಲವರು ನೆಲದ ಜೀರುಂಡೆಯ ಕುಟುಂಬದೊಳಗೇ ಇಡುತ್ತಾರೆ, ಕೆಲವರು ಬೇರೆ ಕುಟುಂಬವೆನ್ನುತ್ತಾರೆ.

ಮುಂದೆ ಪ್ರಭೇದದ ಹೆಸರಿಗೆ ಅವಸರಪಡಬೇಡಿ. ಗುಂಪುಗಳನ್ನು ಬೇರ್ಪಡಿಸಲು ಕಣ್ಣಿನ ಮೇಲಂಚಿನ ಉದ್ದ ರೋಮ ಒಂದೋ ಎರಡೋ ಎಂಬಂಥ ಸೂಕ್ಷ್ಮಗಳನ್ನೂ ನೋಡುತ್ತಾರೆ. ಮೊಬೈಲಿನ ಚಿತ್ರದಲ್ಲಿ ಆ ರೋಮ ಕಾಣದಿದ್ದರೆ, ಶೀರ್ಷಿಕೆಯಲ್ಲಿ ಕುಟುಂಬದ ಹೆಸರು, ಜಾಗ ಮತ್ತು ದಿನಾಂಕವನ್ನಷ್ಟೇ ಬರೆದಿಡಿ.